ಹಾಜರಿ ಕೂಗುವವರು

ದುಡಿಮೆ ಎಂಬುದು ಅಚ್ಚಗನ್ನಡದ ಮಾತು. ಆದರೆ ದುಡಿಸಿಕೊಳ್ಳುವ ವ್ಯವಹಾರದ ಮಾತುಗಳು ಬಹುಮಟ್ಟಿಗೆ ಹೊರಗಿನಿಂದ ಬಂದ ನೆಂಟರು. ಹಾಜರಿ ಅರಬ್ಬಿಯಿಂದ ಹೊರಟು ಪಾರಸಿಯಲ್ಲಿ ತಂಗಿ ಇಲ್ಲಿಗೆ ಬಂದುದು. ಮೇಸ್ತ್ರಿಯೂ ಪಗಾರವೂ ಪೋರ್ತುಗೀಸರ ಹಡಗಿನಿಂದ ಇಳಿದವು. ಬಟವಾಡೆ ಮರಾಠಿಯದು, ಮಸ್ಟರು ಇಂಗ್ಲಿಷಿನದು. ಸಂಬಳವೊಂದು ಸಂಸ್ಕೃತದ ಶಂಬಲದಿಂದ ಹುಟ್ಟಿದೆ. ದಾರಿಯ ಬುತ್ತಿ ಎಂಬುದು ಅದರ ಮೂಲಾರ್ಥ. ತಿಂಗಳ ಕೊನೆಯ ವಾರದಲ್ಲಿ ಬುತ್ತಿ ಬರಿದಾಗಿ ದಾರಿ ಮಾತ್ರ ಉಳಿಯುವ ಸಂಸಾರಸ್ಥರಿಗೆ ಈ ಅರ್ಥವನ್ನು ನಿಘಂಟು ತೆರೆದು ತೋರಿಸಬೇಕಾಗಿಲ್ಲ.

ಈ ನೆಂಟರ ಸಾಲಿಗೆ ಈಚೆಗೆ ಸೇರಿದವು ಬಯೋಮೆಟ್ರಿಕ್, ಆ್ಯಪ್, ಎಚ್.ಆರ್. ಸಾಫ್ಟ್‌ವೇರ್ ಮುಂತಾದವು. ನೌಕರನು ಎಷ್ಟು ಹೊತ್ತಿಗೆ ಬಂದ, ಎಷ್ಟು ಹೊತ್ತಿಗೆ ಹೋದ, ಎಷ್ಟು ರಜೆ ಉಳಿದಿದೆ, ಎಷ್ಟು ಪಗಾರ ಸಲ್ಲಬೇಕು ಎಂಬುದನ್ನೆಲ್ಲ ಮನುಷ್ಯನ ನೆರವಿಲ್ಲದೆ ಲೆಕ್ಕ ಹಾಕುವ ಈ ಸಾಧನಗಳನ್ನು ಬೆಂಗಳೂರಿನ ಗಾಜಿನ ಕಟ್ಟಡಗಳ ವೈಭವವೆಂದೇ ಅನೇಕರು ತಿಳಿದಿದ್ದಾರೆ. ಅಲ್ಲಿ ಅವು ಸುಖವಾಗಿ ನಡೆಯುತ್ತವೆ. ಕಚೇರಿಯ ನೆಲ ತಂಪು, ಬೆಳಕು ಸಮ, ಬೆರಳು ಮೆತ್ತಗೆ. ಅವುಗಳ ಕಠಿನ ಪರೀಕ್ಷೆ ನಡೆದಿರುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಂಥ ಊರುಗಳ ಕೆರೆಯಂಗಳದಲ್ಲಿ, ಹೊಲದ ಬದುವಿನ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ.

ಈ ಐದು ತಾಲ್ಲೂಕುಗಳ ಜನಕ್ಕೆ ಕಾಗದಪತ್ರಗಳ ಅಲೆದಾಟ ಹೊಸದೇನಲ್ಲ. ಹಿಂದೆ ಮದ್ರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಸೀಮೆಯ ಈ ಭಾಗ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಬಂದಿತು. ಹರಪನಹಳ್ಳಿಯ ಪಾಡಂತೂ ತೌರು–ಗಂಡನ ಮನೆಗಳ ನಡುವೆ ಓಡಾಡುವ ಮಗಳದು: 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಉಳಿದ ನಾಲ್ವರು ಒಡಹುಟ್ಟಿದವರೊಂದಿಗೆ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಕೊಟ್ಟೂರು ಮೊನ್ನೆಮೊನ್ನೆಯವರೆಗೂ ಕೂಡ್ಲಿಗಿಯ ಮಡಿಲಲ್ಲಿದ್ದು ಈಗ ತಾನೇ ತಾಲ್ಲೂಕಾಗಿದೆ. ಜನ ನಿಂತಲ್ಲಿಯೇ ನಿಂತಿದ್ದರೂ ಅವರ ವಿಳಾಸ ಮಾತ್ರ ನಡೆಯುತ್ತಲೇ ಇದೆ.

ಜನವಾದರೂ ನಿಂತಲ್ಲಿ ನಿಲ್ಲುವರೇ? ತುಂಗಭದ್ರೆಯ ಹಿನ್ನೀರಿನ ಅಂಚೂ ಹಡಗಲಿಯ ಮಲ್ಲಿಗೆ ತೋಟಗಳೂ ಹಸಿರಾಗಿದ್ದರೂ ಉಳಿದ ಭೂಮಿ ಬಹುಪಾಲು ಮಳೆಯನ್ನೇ ನಂಬಿದ್ದು. ಮೆಕ್ಕೆಜೋಳ, ಶೇಂಗಾ ಮನೆಗೆ ಬಂದ ಮೇಲೆ ತಾಂಡಾಗಳಿಂದಲೂ ಹಳ್ಳಿಗಳಿಂದಲೂ ಸಂಸಾರ ಸಂಸಾರವೇ ಹೊರಡುತ್ತದೆ: ಕೆಲವರು ಕಬ್ಬು ಕಡಿಯಲು ಮಂಡ್ಯದ ಕಡೆಗೆ, ಕೆಲವರು ಕಾಫಿ ಬಿಡಿಸಲು ಮಲೆನಾಡಿಗೆ, ಇನ್ನು ಕೆಲವರು ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ. ಓದಿದ ಹುಡುಗರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬಸ್ಸಿಗೆ ಕಾಯುತ್ತಾರೆ. ಹುಡುಗಿಯರು ರಾಜಧಾನಿಯ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ನಡೆಯುತ್ತಾರೆ. ಎಲ್ಲಿಗೆ ಹೋದರೂ ಬಾಗಿಲಲ್ಲಿ ಒಂದೇ ಪ್ರಶ್ನೆ: ಬಂದೆಯಾ, ಇಲ್ಲವಾ? ಆ ಪ್ರಶ್ನೆಯನ್ನು ಹಿಂದೆ ಮನುಷ್ಯ ಕೇಳುತ್ತಿದ್ದ. ಈಗ ಯಂತ್ರ ಕೇಳುತ್ತದೆ.

ಕೇಳುತ್ತಿದ್ದ ಮನುಷ್ಯನ ಚಿತ್ರವನ್ನು ಹಿರಿಯರು ಮರೆತಿರಲಾರರು. ಕಿವಿಯ ಮೇಲೆ ಸೀಸದ ಕಡ್ಡಿ, ಕಂಕುಳಲ್ಲಿ ಉದ್ದನೆಯ ಹಾಜರಿ ಪುಸ್ತಕ, ಕಾಲಲ್ಲಿ ಕಿರುಗುಟ್ಟುವ ಮೆಟ್ಟು. ಆತ ಹೆಸರು ಕೂಗಿದಾಗ ‘ಬಂದೀನ್ರೀ’ ಎಂದು ಉತ್ತರ ಬರಬೇಕು. ಬಂದರೆ ಪುಸ್ತಕದಲ್ಲೊಂದು ಗೀಟು, ಬಾರದಿದ್ದರೆ ಸೊನ್ನೆ. ಅವನೇನೂ ಧರ್ಮರಾಯನಲ್ಲ. ಊರಿನಲ್ಲಿಲ್ಲದವರ ಹೆಸರಿಗೆ ಗೀಟು ಬೀಳುತ್ತಿತ್ತು; ಸತ್ತವರೂ ಕೆಲವೊಮ್ಮೆ ಪುಸ್ತಕದಲ್ಲಿ ಮಣ್ಣು ಹೊರುತ್ತಿದ್ದರು. ಪೂರ್ತಿ ದಿನ ದುಡಿದವಳಿಗೆ ಅರ್ಧ ಗೀಟು, ಅವನಿಗೆ ಚಹಾ ಕುಡಿಸಿದವನಿಗೆ ಪೂರ್ತಿ ಗೀಟು. ಆದರೂ ಅವನಲ್ಲೊಂದು ಗುಣವಿತ್ತು. ಅವನೊಡನೆ ಜಗಳವಾಡಬಹುದಾಗಿತ್ತು. ‘ನಿನ್ನೆ ನಾ ಬಂದಿದ್ದೆ, ನೀನೇ ನೋಡೀಯಲ್ಲೋ ತಮ್ಮಾ’ ಎಂದು ಮುದುಕಿಯೊಬ್ಬಳು ನಾಲ್ಕು ಜನರ ಮುಂದೆ ನಿಲ್ಲಿಸಿ ಕೇಳಿದರೆ ಸೀಸದ ಕಡ್ಡಿ ಕಿವಿಯಿಂದ ಇಳಿದು, ಸೊನ್ನೆ ಗೀಟಾಗುವ ಸಂಭವವಿತ್ತು.

ಈ ಸೀಮೆಯಲ್ಲಿ ಹಾಜರಿಗೂ ಹಸಿವಿಗೂ ಇರುವ ನಂಟು ಹಳೆಯದು. ಧಾತು ಸಂವತ್ಸರದ ಬರವೆಂದು ಹೆಸರಾದ 1876–78ರ ಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಅತ್ಯಂತ ನಲುಗಿದ ಪ್ರದೇಶಗಳಲ್ಲೊಂದು. ಸರಕಾರ ಪರಿಹಾರದ ಕಾಮಗಾರಿಗಳನ್ನು ತೆರೆಯಿತು. ಲಕ್ಷಾಂತರ ಜನ ರಸ್ತೆಗೆ ಕಲ್ಲು ಒಡೆದು, ಮಣ್ಣು ಹೊತ್ತು ಜೀವ ಹಿಡಿದರು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಖರ್ಚು ಉಳಿಸುವ ಉದ್ದೇಶದಿಂದ ಕೂಲಿಯನ್ನು ಇಳಿಸಿದ: ದುಡಿಯುವ ಗಂಡಸಿಗೆ ದಿನಕ್ಕೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದು ಆಣೆ, ಹೆಂಗಸಿಗೂ ಮಕ್ಕಳಿಗೂ ಇನ್ನೂ ಕಡಿಮೆ. ಇಂಥವರು ಬಂದರು, ಇಷ್ಟು ದುಡಿದರು, ಇಷ್ಟು ಪಡೆದರು ಎಂದು ಬರೆಯುವ ಪುಸ್ತಕಕ್ಕೆ ಇದರಲ್ಲಿ ಯಾವ ದೋಷವೂ ಕಾಣದು. ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಮಾತ್ರ ಪುಸ್ತಕವನ್ನು ಬದಿಗಿಟ್ಟು ಮನುಷ್ಯರ ದೇಹವನ್ನು ನೋಡಿದ. ಇಷ್ಟು ಅನ್ನದಲ್ಲಿ ದುಡಿಯುವವನು ಬದುಕಲಾರನೆಂದು ವಾದ ಹೂಡಿದ. ಪೂರ್ತಿ ಗೆಲ್ಲದಿದ್ದರೂ ಅದೇ ವರ್ಷ ಧಾನ್ಯದ ಪ್ರಮಾಣ ಏರಿತು, ಬೇಳೆ ಸೇರಿತು. ಲೆಕ್ಕ ತಪ್ಪಿಲ್ಲದೆಯೂ ಅನ್ಯಾಯ ನಡೆಯಬಹುದೆಂಬುದಕ್ಕೆ ಈ ಸೀಮೆಯ ಮಣ್ಣಿಗಿಂತ ಬೇರೆ ಸಾಕ್ಷಿ ಬೇಡ. ಅದನ್ನು ತಿದ್ದಲು ಲೆಕ್ಕದ ಹೊರಗೆ ನಿಂತು ನೋಡುವ ಒಂದು ಕಣ್ಣು ಬೇಕಾಯಿತು ಎಂಬುದೂ ಅಷ್ಟೇ ನಿಜ.

ಇನ್ನು ಯಂತ್ರದ ವಂಶಾವಳಿಯನ್ನು ನೋಡುವುದಾದರೆ, ಅದರ ಒಂದು ಕವಲು ಅಮೆರಿಕದ್ದು. ನ್ಯೂಯಾರ್ಕ್ ಸಂಸ್ಥಾನದ ಆಬರ್ನ್ ಪಟ್ಟಣದಲ್ಲಿ ವಿಲರ್ಡ್ ಬಂಡಿ ಎಂಬ ಆಭರಣದ ವ್ಯಾಪಾರಿ ನೌಕರರ ವೇಳೆಯನ್ನು ಕಾಗದದ ಮೇಲೆ ಒತ್ತುವ ಗಡಿಯಾರವನ್ನು ರೂಪಿಸಿ 1890ರಲ್ಲಿ ಹಕ್ಕುಪತ್ರ ಪಡೆದ. ಅವನ ಕಂಪನಿ ಮತ್ತೊಂದರೊಡನೆ, ಅದು ಮಗುದೊಂದರೊಡನೆ ಸೇರುತ್ತ ಹೋಗಿ 1924ರಲ್ಲಿ ಐ.ಬಿ.ಎಂ. ಎಂಬ ಹೆಸರು ತಾಳಿತು. ಲೋಕಪ್ರಸಿದ್ಧವಾದ ಆ ಗಣಕ ಸಂಸ್ಥೆಯ ಪೂರ್ವಜರಲ್ಲಿ ಹಾಜರಿಯ ಗಡಿಯಾರವೂ ಒಂದು.

ಎರಡನೆಯ ಕವಲು ಭಾರತದ್ದೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿ ರಸ್ತೆಗೆ ಹಾಸುವ ಸುಣ್ಣಕಲ್ಲು ಒದಗಿಸಲು ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನೊಡನೆ ಕರಾರು ಮಾಡಿಕೊಂಡ. ನಾಳೆ ಈತ ‘ಸಹಿ ನನ್ನದಲ್ಲ’ ಎಂದುಬಿಟ್ಟರೆ ಗತಿಯೇನು ಎಂದು ಅಳುಕಿ, ಕಾಗದದ ಬೆನ್ನಿಗೆ ಅವನ ಅಂಗೈಯ ಗುರುತನ್ನೇ ಒತ್ತಿಸಿಕೊಂಡ. ಬೆರಳಚ್ಚಿನ ವಿದ್ಯೆ ಬೆಳೆದುದು ಅಲ್ಲಿಂದ. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ತೆರೆಯಿತು. ಅಂಗೈಯ ಗುರುತನ್ನು ಮೊದಲು ಕೇಳಿದವನು ದುಡಿಸಿಕೊಳ್ಳುವವನು, ಕೊಟ್ಟವನು ಕೆಲಸ ಒಪ್ಪಿಕೊಂಡವನು, ಕಾರಣ ಅಪನಂಬಿಕೆ. ಇಂದಿಗೂ ಈ ಮೂರರಲ್ಲಿ ಯಾವುದೂ ಬದಲಾಗಿಲ್ಲ.

ಬದಲಾದುದು ಹೆಬ್ಬೆಟ್ಟಿನ ಮಾನ. ಕನ್ನಡನಾಡಿನಲ್ಲಿ ‘ಹೆಬ್ಬೆಟ್ಟಿನವನು’ ಎಂದರೆ ಅಕ್ಷರ ತಿಳಿಯದವನೆಂಬ ಹೀಗಳಿಕೆ ಇತ್ತು. ಮಗ ಹೆಬ್ಬೆಟ್ಟೊತ್ತಬಾರದು, ಸಹಿ ಹಾಕಬೇಕು ಎಂದು ಎಷ್ಟು ತಾಯಂದಿರು ಹೊಟ್ಟೆ ಕಟ್ಟಿ ಓದಿಸಿದರು! ಮಗ ಓದಿದ, ಇಂಜಿನಿಯರಾದ, ಈಗ ಪ್ರತಿದಿನ ಬೆಳಿಗ್ಗೆ ಕಚೇರಿಯ ಬಾಗಿಲಲ್ಲಿ ನಿಂತು ಭಕ್ತಿಯಿಂದ ಬೆರಳೊತ್ತುತ್ತಾನೆ. ಇದು ನಗುವ ಮಾತಾಯಿತು. ಇದರ ಮಗ್ಗುಲಲ್ಲಿ ನಗಲಾಗದ ಮಾತೊಂದಿದೆ. ಕಲ್ಲು ಹೊತ್ತವರ, ಸುಣ್ಣ ಸಿಮೆಂಟು ಕಲಸಿದವರ, ಹತ್ತಿ ಬಿಡಿಸಿದವರ ಬೆರಳ ತುದಿ ಸವೆದು ಗೆರೆಗಳು ಮಾಸಿರುತ್ತವೆ. ಪಡಿತರದ ಅಂಗಡಿಯ ಮುಂದೆ ಬೆರಳನ್ನು ಸೆರಗಿಗೆ ಒರೆಸಿ, ಮತ್ತೆ ಒತ್ತಿ, ಮತ್ತೆ ಒರೆಸಿ ನಿಲ್ಲುವ ಮುದುಕಿಯರನ್ನು ಈ ತಾಲ್ಲೂಕುಗಳಲ್ಲಿ ಯಾರೂ ನೋಡದೆ ಇರಲಾರರು. ಯಾರು ಹೆಚ್ಚು ದುಡಿದರೋ ಅವರ ಗುರುತೇ ಯಂತ್ರಕ್ಕೆ ಹತ್ತುವುದಿಲ್ಲ.

ಕೆಲಸದ ಜಾಗದಲ್ಲಿ ಈ ಪರೀಕ್ಷೆ ದೊಡ್ಡದಾಗಿ ನಡೆದುದು ಉದ್ಯೋಗ ಖಾತ್ರಿಯಲ್ಲಿ. 2005ರ ಕಾನೂನು ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸವನ್ನು ಹಕ್ಕಾಗಿ ಕೊಟ್ಟಿತು. ಅಂದು ದಾವಣಗೆರೆಯಲ್ಲಿದ್ದ ಕಾರಣ ಹರಪನಹಳ್ಳಿಗೆ ಅದು 2006ರ ಮೊದಲ ಕಂತಿನಲ್ಲೇ ಬಂದಿತು; ಬಳ್ಳಾರಿಯಲ್ಲಿ ಉಳಿದಿದ್ದ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳು 2007ರವರೆಗೆ ಕಾದವು. ಕೆರೆಯ ಹೂಳು, ಹೊಲದ ಬದು, ಕೃಷಿ ಹೊಂಡ—ಕೆಲಸ ಹಳೆಯದೇ. ಮುಂದಾಳಿಗೆ ಮಾತ್ರ ಕರ್ನಾಟಕದಲ್ಲಿ ‘ಕಾಯಕ ಬಂಧು’ ಎಂಬ ಸೊಗಸಾದ ಹೆಸರು ದೊರೆಯಿತು. ಹಾಜರಿ ಮೊದಲು ಕಾಗದದ ಮೇಲಿತ್ತು, ಕಾಗದದ ಹಳೆಯ ರೋಗಗಳೂ ಅದಕ್ಕೆ ಅಂಟಿದ್ದವು. ಆದುದರಿಂದ ಕೇಂದ್ರ ಸರಕಾರ 2021ರ ಮೇ ತಿಂಗಳಿನಲ್ಲಿ ಮೊಬೈಲಿನ ಹಾಜರಿಯನ್ನು ಆರಂಭಿಸಿ, 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿಗಳ ಕಾಮಗಾರಿಗಳ ಹೊರತು ಉಳಿದೆಲ್ಲಕ್ಕೂ ಅದನ್ನು ಕಡ್ಡಾಯ ಮಾಡಿತು. ಬೆಳಿಗ್ಗೆ ಒಂದು ಚಿತ್ರ, ಮಧ್ಯಾಹ್ನ ಮತ್ತೊಂದು. ಚಿತ್ರದ ಜೊತೆಗೆ ಸ್ಥಳದ ಗುರುತೂ ತಾನಾಗಿಯೇ ಹೋಗಬೇಕು.

‘ಸೆರಗು ಸರಿಸು ಯಕ್ಕಾ, ಮಕ ಕಾಣಂಗಿಲ್ಲ’ ಎಂದು ಕಾಯಕ ಬಂಧು ಕೂಗುವ ದೃಶ್ಯ ಹೀಗೆ ಕೆರೆಯಂಗಳದ ನಿತ್ಯವಿಧಿಯಾಯಿತು. ಬೆಳಗಿನ ತಂಪಿನಲ್ಲೇ ತನ್ನ ಪಾಲಿನ ಗುಂಡಿ ತೋಡಿ ಮುಗಿಸಿದವಳು ಮಧ್ಯಾಹ್ನದ ಚಿತ್ರಕ್ಕಾಗಿ ಬಿಸಿಲಿನಲ್ಲಿ ಕಾಯಬೇಕು. ಮನೆಯಲ್ಲಿ ಕೂಸು ಅಳುತ್ತಿದ್ದರೂ ಯಂತ್ರದ ವೇಳೆಗೆ ಮುಖ ಒಪ್ಪಿಸಬೇಕು. ಗುಡೇಕೋಟೆಯ ಕಡೆಯ ಕಲ್ಲುಗುಡ್ಡಗಳಂಥ ಮರೆಯಲ್ಲಿ ಮೊಬೈಲಿನ ಸಂಪರ್ಕವೂ ಕರಡಿಯಂತೆಯೇ, ಇದೆಯೆಂಬ ಸುದ್ದಿ ಉಂಟು, ಕಾಣುವುದು ಅಪರೂಪ. ಚಿತ್ರ ಏರದಿದ್ದರೆ ಬಂದವಳು ಬಂದಂತಾಗಲಿಲ್ಲ. ಹಿಂದಿನ ಗುಮಾಸ್ತನ ಮುಂದೆ ನಿಂತು ಕೇಳಿದಂತೆ ಅವಳು ಯಾರನ್ನು ಕೇಳಬೇಕು? ಕಾಯಕ ಬಂಧು ಪಂಚಾಯತಿಯತ್ತ ಕೈ ತೋರಿಸುತ್ತಾನೆ, ಪಂಚಾಯತಿ ತಾಲ್ಲೂಕಿನತ್ತ, ತಾಲ್ಲೂಕು ದಿಲ್ಲಿಯ ಯಂತ್ರದತ್ತ. ಯಂತ್ರ ಯಾರತ್ತಲೂ ಕೈ ತೋರಿಸುವುದಿಲ್ಲ, ಅದಕ್ಕೆ ಕೈಯಿಲ್ಲ.

ಹೋಗಲಿ, ಕಳ್ಳತನವಾದರೂ ನಿಂತಿತೇ ಎಂದರೆ, ಅದಕ್ಕೂ ಉತ್ತರ ಸರಕಾರದಿಂದಲೇ ಬಂದಿತು. 2025ರ ಜುಲೈ ತಿಂಗಳಿನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ರಾಜ್ಯಗಳಿಗೆ ಬರೆದ ಪತ್ರದಲ್ಲಿ, ಈ ಹಾಜರಿಯಲ್ಲಿ ನಡೆಯುತ್ತಿದ್ದ ಮೋಸದ ಬಗೆಗಳ ಪಟ್ಟಿಯನ್ನೇ ಕೊಟ್ಟಿತು: ಕೆಲಸಕ್ಕೆ ಸಂಬಂಧವಿಲ್ಲದ ಚಿತ್ರ ಕಳುಹಿಸುವುದು, ಚಿತ್ರದಲ್ಲಿರುವವರ ಸಂಖ್ಯೆಯೇ ಬೇರೆ, ಬರೆದ ಸಂಖ್ಯೆಯೇ ಬೇರೆ, ಹೆಂಗಸರ ಹೆಸರಿನಲ್ಲಿ ಗಂಡಸರು, ಕೊನೆಗೆ, ಚಿತ್ರದ್ದೇ ಒಂದು ಚಿತ್ರ ತೆಗೆದು ಕಳುಹಿಸುವುದು. ಸತ್ತವರ ಹೆಸರಿಗೆ ಗೀಟೆಳೆಯುತ್ತಿದ್ದ ಸೀಸದ ಕಡ್ಡಿಯ ಮೊಮ್ಮಗ ಮೊಬೈಲು ಹಿಡಿದಿದ್ದಾನೆ ಎಂದಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾನೂನಿನ ಸ್ಥಾನಕ್ಕೆ 125 ದಿನಗಳ ಹೊಸ ಕಾನೂನನ್ನು ಅಂಗೀಕರಿಸಿತು. ಬಯೋಮೆಟ್ರಿಕ್ ದೃಢೀಕರಣ, ಕೃತಕ ಬುದ್ಧಿಮತ್ತೆಗಳ ಹೆಸರು ಅದರ ಒಡಲಿನಲ್ಲಿಯೇ ಇವೆ. ಯಂತ್ರ ಹಿಂದಕ್ಕೆ ಹೋಗುವ ಲಕ್ಷಣವಿಲ್ಲ. ಹೋಗಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವೂ ಇಲ್ಲ. ಹಾಜರಿ ಪುಸ್ತಕದ ಕಾಲವೇ ಸತ್ಯಯುಗವೆಂದು ಹೇಳಬಲ್ಲವರು ಅದರ ಕೆಳಗೆ ದುಡಿದವರಾಗಿರಲಾರರು.

ಕಷ್ಟ ಎಲ್ಲಿ ಎಂಬುದನ್ನು ಹೆಸರಿನ ಮಾತಿನಿಂದ ಹೆಚ್ಚು ಸ್ಪಷ್ಟವಾಗಿ ತಿಳಿಯಬಹುದು. ಕೊಟ್ಟೂರೇಶ್ವರನ ಕೃಪೆಯಿಂದ ಈ ಸೀಮೆಯಲ್ಲಿ ಕೊಟ್ರೇಶ, ಕೊಟ್ರಪ್ಪ, ಕೊಟ್ರಯ್ಯ, ಕೊಟ್ರಗೌಡ, ಕೊಟ್ರಮ್ಮ, ಕೊಟ್ರವ್ವಂದಿರಿಗೆ ಬರವೆಂಬುದಿಲ್ಲ. ಸಂತೆಯಲ್ಲಿ ನಿಂತು ‘ಕೊಟ್ರೇಶಾ’ ಎಂದರೆ ಹತ್ತು ತಲೆ ತಿರುಗುತ್ತವೆ. ಊರಿನವರಿಗೆ ಇದು ತೊಡಕಲ್ಲ: ಕುರಿ ಕೊಟ್ರೇಶ, ಹೋಟೆಲು ಕೊಟ್ರೇಶ, ಕೆರೆಮೇಗಳ ಮನೆಯ ಕೊಟ್ರೇಶ ಎಂದು ವಿಂಗಡಣೆ ತಾನಾಗಿ ನಡೆದಿರುತ್ತದೆ. ಹಾಜರಿ ಗುಮಾಸ್ತನೂ ಅದನ್ನೇ ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದ. ಯಂತ್ರಕ್ಕೆ ಅಂಚು ಇಲ್ಲ. ಅದು ಕೇಳುವುದು ಇಂಗ್ಲಿಷಿನ ಅಕ್ಷರಗಳನ್ನು. ಆಧಾರದಲ್ಲಿ ‘ಟಿ’ ಒಂದು, ಬ್ಯಾಂಕಿನಲ್ಲಿ ಎರಡು. ಶಾಲೆಯ ದಾಖಲೆಯಲ್ಲಿ ಕೊನೆಗೆ ‘ಎ’ ಇದೆ, ಕಾರ್ಖಾನೆಯಲ್ಲಿ ಇಲ್ಲ. ತಂದೆಯ ಹೆಸರು ಒಂದೆಡೆ ಮುಂದೆ, ಇನ್ನೊಂದೆಡೆ ಹಿಂದೆ. ಹೀಗೆ ಒಬ್ಬನೇ ಕೊಟ್ರೇಶ ನಾಲ್ವರಾಗುತ್ತಾನೆ.

ಭವಿಷ್ಯನಿಧಿಗೆ 2014ರಲ್ಲಿ ಬಂದ ಏಕಸಂಖ್ಯೆಯ ಏರ್ಪಾಡು ಒಳ್ಳೆಯದೇ: ಕೆಲಸಗಾರ ಹತ್ತು ಕಾರ್ಖಾನೆ ಬದಲಿಸಿದರೂ ಅವನ ಹಣ ಅವನ ಹಿಂದೆ ಬರಬೇಕು. ಆದರೆ ಹಣ ಬಿಡಿಸುವ ದಿನ ನಾಲ್ವರು ಕೊಟ್ರೇಶರೂ ಒಬ್ಬನೇ ಎಂದು ಸಾಧಿಸುವ ಹೊಣೆ ಕೊಟ್ರೇಶನ ತಲೆಯ ಮೇಲೆಯೇ. ಬರೆದವನ ಕೈತಪ್ಪಿಗೆ ಬರೆಸಿಕೊಂಡವನು ರಜೆ ಹಾಕಿ, ಬಸ್ಸು ಹಿಡಿದು, ಅರ್ಜಿ ಕೊಡಬೇಕು. ಅವನು ತಾನು ತಾನೇ ಎಂದು ಹೇಳಿದರೆ ನಂಬುವವರಿಲ್ಲ; ಊರಿಗೆ ಊರೇ ಹೇಳಿದರೂ ಅದಕ್ಕೆ ಯಂತ್ರದಲ್ಲಿ ಜಾಗವಿಲ್ಲ.

ಇದು ಕೂಲಿಯವರ ಗೋಳೆಂದು ಪೇಟೆಯ ಸಂಸಾರಗಳು ನಿಶ್ಚಿಂತೆಯಿಂದ ಇರುವಂತಿಲ್ಲ. ಕರ್ನಾಟಕದ ಸರಕಾರಿ ನೌಕರರ ಮನೆಗಳಲ್ಲಿ ಎಚ್.ಆರ್.ಎಂ.ಎಸ್. ಎಂಬ ನಾಲ್ಕಕ್ಷರ ಮನೆದೇವರ ಹೆಸರಿನಷ್ಟೇ ಬಳಕೆಯಲ್ಲಿದೆ. ವೇತನದ ಬಿಲ್ಲು, ಬಡ್ತಿ, ಕಡಿತಗಳೆಲ್ಲ ಅದರ ಮೂಲಕವೇ. ಸಂಬಳ ಇಷ್ಟು ಕ್ರಮವಾಗಿ ಬರುವುದರಲ್ಲಿ ಅದರ ಪಾಲು ದೊಡ್ಡದು; ಆದರೆ ಹುಟ್ಟಿದ ತಾರೀಖಿನ ಒಂದು ಅಂಕಿ ತಪ್ಪಿ ಬಿದ್ದಾಗ ಅದನ್ನು ತಿದ್ದಿಸಲು ಮೇಷ್ಟರೊಬ್ಬರು ಎಷ್ಟು ಮೆಟ್ಟಿಲು ಹತ್ತಬೇಕೆಂಬುದನ್ನು ಅವರ ಮನೆಯವರೇ ಬಲ್ಲರು. ಖಾಸಗಿ ಕಚೇರಿಗಳಲ್ಲಿಯೂ ಹಾಗೆಯೇ. ಭರತ ಹುಣ್ಣಿಮೆಗೆ ಮೈಲಾರದ ಕಾರಣಿಕ ಕೇಳಲು, ಮಾಘದಲ್ಲಿ ಕೊಟ್ಟೂರಿನ ತೇರಿಗೆ ನಡೆದು ಹೋಗಲು ಈ ಕಡೆಯ ಜನ ಎಲ್ಲಿದ್ದರೂ ಹಾತೊರೆಯುತ್ತಾರೆ. ಹಳೆಯ ಮೇಸ್ತ್ರಿ ಬೈದು ರಜೆ ಕೊಡುತ್ತಿದ್ದ. ಬೈಗುಳದಲ್ಲಿ ‘ನನ್ನ ಹೆಸರಲ್ಲೊಂದು ಕಾಯಿ ಒಡಿಸು’ ಎಂಬ ಮಾತೂ ಸೇರಿರುತ್ತಿತ್ತು. ಯಂತ್ರ ಬೈಯುವುದಿಲ್ಲ, ರಜೆ ಉಳಿದಿಲ್ಲವೆಂದು ಕೆಂಪಕ್ಷರದಲ್ಲಿ ತೋರಿಸಿ ಸುಮ್ಮನಾಗುತ್ತದೆ.

ಯಂತ್ರದ ಮಾತೇ ವೇದವಾಕ್ಯವೆಂದು ಧಣಿಗಳು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಅಂಚೆ ಇಲಾಖೆಯ ಪ್ರಕರಣ ಘೋರವಾದ ಉದಾಹರಣೆ. ಅಲ್ಲಿ 1999ರಿಂದ ‘ಹೊರೈಜನ್’ ಎಂಬ ಲೆಕ್ಕದ ಸಾಫ್ಟ್‌ವೇರನ್ನು ಊರೂರಿನ ಅಂಚೆ ಕಚೇರಿಗಳಿಗೆ ಹಾಕಿದರು. ಅದು ತಪ್ಪು ಲೆಕ್ಕ ತೋರಿಸಿ, ಇಲ್ಲದ ಕೊರತೆಯನ್ನು ಇದೆಯೆಂದಿತು. ‘ನಾವು ಹಣ ಮುಟ್ಟಿಲ್ಲ’ ಎಂದು ಅಂಚೆಯವರು ಅತ್ತರೂ ಕೇಳುವವರಿಲ್ಲ. 900ಕ್ಕೂ ಹೆಚ್ಚು ಜನ ಅಪರಾಧಿಗಳೆನಿಸಿಕೊಂಡರು. ಕೆಲವರು ಸೆರೆಮನೆ ಕಂಡರು, ಕೆಲವರು ಮನೆಮಾರು ಕಳೆದುಕೊಂಡರು. ಆ ತೀರ್ಪುಗಳನ್ನು ಸಾರಾಸಗಟಾಗಿ ರದ್ದುಗೊಳಿಸಲು 2024ರಲ್ಲಿ ಅಲ್ಲಿಯ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು. ಕೆಲಸಕ್ಕೆ ಆರಿಸಿಕೊಳ್ಳುವ ಯಂತ್ರಗಳ ಕಥೆಯೂ ಬೇರೆಯಲ್ಲ. ಅಮೆಜಾನ್ ಕಂಪನಿ ಅರ್ಜಿಗಳನ್ನು ತೂಗಲು ಮಾಡಿಸಿದ ಒಂದು ಪ್ರಯೋಗ, ಹಿಂದಿನ ವರ್ಷಗಳಲ್ಲಿ ಗಂಡಸರೇ ಹೆಚ್ಚು ಅರ್ಜಿ ಹಾಕಿದ್ದನ್ನು ಕಂಡು ಹೆಂಗಸರ ಅರ್ಜಿಗಳಿಗೆ ಅಂಕ ಕಡಿಮೆ ಕೊಡಲು ಕಲಿತುಬಿಟ್ಟಿತ್ತು. ಅದನ್ನು ಕೈಬಿಟ್ಟ ಸುದ್ದಿ 2018ರಲ್ಲಿ ಹೊರಬಿದ್ದಿತು. ಯಂತ್ರಕ್ಕೆ ದ್ವೇಷವಿಲ್ಲ ನಿಜ. ಆದರೆ ಹಿರಿಯರ ದುರಭ್ಯಾಸವನ್ನು ಅದು ಚೆನ್ನಾಗಿ ಕಲಿಯುತ್ತದೆ.

ಹಾಗಾದರೆ ಮಾಡಬೇಕಾದುದೇನು? ಕೈಗಡಿಯಾರದಷ್ಟು ಸುಲಭವಾಗಿ ಹಾಜರಿಯ ಯಂತ್ರಗಳು ದೊರೆಯುವ ಕಾಲವಿದು. ತಾಲ್ಲೂಕು ಕೇಂದ್ರದ ಬಟ್ಟೆಯಂಗಡಿ, ಹಿಟ್ಟಿನ ಗಿರಣಿ, ಖಾಸಗಿ ಶಾಲೆ, ಆಸ್ಪತ್ರೆಗಳೂ ಅವನ್ನು ಗೋಡೆಗೆ ತೂಗುಹಾಕಬಲ್ಲವು. ಹತ್ತು ಜನರನ್ನು ದುಡಿಸಿಕೊಳ್ಳುವ ಯಜಮಾನನೂ ಇಂದು ಈ ಪ್ರಶ್ನೆಯ ಮುಂದೆ ನಿಂತಿದ್ದಾನೆ.

ದಾರಿ ತೋರಿಸುವ ಒಂದು ಘಟನೆ ರಾಜಸ್ಥಾನದ್ದು. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನರನ್ನು ಬಯಲಿನಲ್ಲಿ ಕೂಡಿಸಿ, ಕಾಮಗಾರಿಯ ಲೆಕ್ಕಗಳನ್ನು ಗಟ್ಟಿಯಾಗಿ ಓದಿ ಹೇಳಿದರು. ಓದಿದ್ದಷ್ಟೇ ತಡ; ಯಾರು ದುಡಿದಿದ್ದರು, ಯಾರು ಊರಿನಲ್ಲೇ ಇರಲಿಲ್ಲ ಎಂಬುದನ್ನು ಹೇಳಲು ಸಾಕ್ಷಿಗಳು ಎದುರಿಗೇ ಕುಳಿತಿದ್ದರು. ದೇಶಕ್ಕೆ 2005ರಲ್ಲಿ ಮಾಹಿತಿ ಹಕ್ಕಿನ ಕಾನೂನು ಬಂದುದರ ಹಿಂದೆ ಇಂಥ ಸಭೆಗಳ ಬಲವಿತ್ತು. ಉದ್ಯೋಗ ಖಾತ್ರಿಯ ಕಾನೂನು ಗ್ರಾಮಸಭೆಯ ಮುಂದೆ ಸಾಮಾಜಿಕ ಪರಿಶೋಧನೆ ನಡೆಯಬೇಕೆಂದು ವಿಧಿಸಿದುದೂ ಇದೇ ನಂಬಿಕೆಯಿಂದ. ಹಾಜರಿಯ ರೋಗಕ್ಕೆ ಹಾಜರಿಯನ್ನು ಗಟ್ಟಿಯಾಗಿ ಕೂಗುವುದೇ ಮದ್ದು ಎಂಬುದು ಅದರ ತಾತ್ಪರ್ಯ.

ಕರ್ನಾಟಕವೂ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. ಊಟ ತಲುಪಿಸುವ, ಬಾಡಿಗೆ ಕಾರು ಓಡಿಸುವ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಮಾಡಿದ ಕಾನೂನಿನಂತೆ ಕಂಪನಿ ಅವರನ್ನು ಕೈಬಿಡುವ ಮುನ್ನ ಕಾರಣ ತಿಳಿಸಿ 14 ದಿನದ ನೋಟೀಸು ಕೊಡಬೇಕು. ಯಂತ್ರ ಹೇಗೆ ತೀರ್ಮಾನಿಸುತ್ತದೆಂಬುದನ್ನು ಅವರಿಗೆ ತಿಳಿಸಬೇಕು. ವಿಚಾರಿಸಲು ಮನುಷ್ಯನೊಬ್ಬ ಸಿಗುವಂತಿರಬೇಕು. ಮನುಷ್ಯನೊಬ್ಬ ಸಿಗಬೇಕೆಂದು ಕಾನೂನು ಬರೆಯುವ ಕಾಲ ಬಂದಿತಲ್ಲ ಎಂದು ಹಳಬರು ನಿಟ್ಟುಸಿರಿಡಬಹುದು. ಬರೆದರಲ್ಲ ಎಂದು ಹೊಸಬರು ಸಮಾಧಾನಪಡಬಹುದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳೂ ನೇಮಕದ ಪತ್ರ, ವೇತನದ ಚೀಟಿಗಳು ನೌಕರನ ಕೈಗೆ ಸೇರಬೇಕೆಂದು ಹೇಳುತ್ತವೆ.

ಕಾನೂನಿಗೆ ಕಾಯದೆಯೂ ಯಜಮಾನನು ಕೆಲವನ್ನು ಮಾಡಬಹುದು. ಯಂತ್ರ ಬರೆದುದನ್ನು ವಾರಕ್ಕೊಮ್ಮೆಯಾದರೂ ಎಲ್ಲರ ಮುಂದೆ ಕನ್ನಡದಲ್ಲಿ ಓದಿಸಬಹುದು. ತಪ್ಪನ್ನು ತಿದ್ದುವ ಅಧಿಕಾರವನ್ನು ಒಬ್ಬ ವ್ಯಕ್ತಿಗೆ ಕೊಟ್ಟು, ತಿದ್ದಿದವನ ಹೆಸರೂ ಕಾರಣವೂ ದಾಖಲೆಯಲ್ಲಿ ಉಳಿಯುವಂತೆ ಮಾಡಬಹುದು; ಆಗ ಹಳೆಯ ಗುಮಾಸ್ತನ ಕರುಣೆ ಉಳಿಯುತ್ತದೆ, ಅವನ ಕಳ್ಳತನ ಉಳಿಯುವುದಿಲ್ಲ. ಬೆರಳು ಹತ್ತದಿದ್ದರೆ, ಚಿತ್ರ ಏರದಿದ್ದರೆ, ದುಡಿದವನನ್ನು ವಿಚಾರಿಸದೆ ಕೂಲಿ ಮುರಿಯದಿರಬಹುದು. ಕೆಲಸ ಬಿಟ್ಟು ಹೋದವನ ಬೆರಳು, ಮುಖಗಳ ಗುರುತನ್ನು ಅಳಿಸಿಬಿಡಬಹುದು. ಅವು ಅವನ ಸೊತ್ತು, ಅಂಗಡಿಯ ಸರಕಲ್ಲ. ಇದಕ್ಕೆಲ್ಲ ತಗಲುವ ಖರ್ಚು ವಾರಕ್ಕೆ ಅರ್ಧ ಗಂಟೆಯ ವೇಳೆ.

ಕಾಯಕ ಬಂಧು ಎಂಬ ಹೆಸರು ಹನ್ನೆರಡನೆಯ ಶತಮಾನದ ಶರಣರನ್ನು ನೆನಪಿಸುತ್ತದೆ. ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ನೋಡಿದೊಡನೆ ಗುರುತಿಸಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳೆಂದು ಕಥೆ. ತೂಕದ ತಕ್ಕಡಿ ಅವಳ ಬಳಿ ಇರಲಿಲ್ಲ. ತನ್ನ ಮನೆಗೆ ಲಾಭ ತರುವ ಲೆಕ್ಕವಾದರೂ ತಪ್ಪಿದ್ದರೆ ತಪ್ಪೆಂದು ಹೇಳುವ ಎದೆ ಇತ್ತು. ಯಾವ ಊರಿನ ಯಾವ ಕಾರ್ಖಾನೆಯೇ ಆಗಲಿ, ಎಷ್ಟು ಬೆಲೆಯ ಯಂತ್ರವನ್ನೇ ತರಲಿ, ಅದರ ಪಕ್ಕದಲ್ಲಿ ಅಂಥ ಒಬ್ಬರನ್ನು ಕೂಡಿಸಿದರೆ ಲೆಕ್ಕ ಸರಿಯಾಗುತ್ತದೆ. ದುಡಿದವರ ಹೆಸರೂ ಸರಿಯಾಗಿ ಕೂಗಲ್ಪಡುತ್ತದೆ.